‘ಕಾವಲು’ ಅಂದರೆ ಹುಲ್ಲು, ‘ಖರಾಬು’ ಅಂದರೆ ಖಾಲಿ: ಚಳ್ಳಕೆರೆ ಸೀಮೆಯಲ್ಲಿ ಪದಗಳ ಹೋರಾಟ

ಚಳ್ಳಕೆರೆಯಿಂದ ನಾಯಕನಹಟ್ಟಿ ಕಡೆಗೆ ಹೋದರೆ ಕುದಾಪುರದ ಹತ್ತಿರ ಉದ್ದನೆಯ ಕಾಂಪೌಂಡ್ ಗೋಡೆ ಸಿಗುತ್ತದೆ. ಆ ಗೋಡೆಯ ಒಳಗಿನ ನೆಲವನ್ನು ಏನಂತ ಕರೆಯಬೇಕು? ಕುರಿ ಕಾಯುವವರನ್ನು ಕೇಳಿದರೆ ‘ಕಾವಲು’ ಅಂತಾರೆ. ಕಂದಾಯ ಇಲಾಖೆಯ ಭಾಷೆಯಲ್ಲಿ ಅದು ‘ಸರ್ಕಾರಿ ಭೂಮಿ’. ಪತ್ರಿಕೆಗಳಿಗೆ ‘ವಿಜ್ಞಾನ ನಗರಿ’. ಅಮೆರಿಕದ ಒಂದು ನಿಯತಕಾಲಿಕಕ್ಕೆ ‘ರಹಸ್ಯ ಅಣು ನಗರ’. ನೆಲ ಒಂದೇ, ಹೆಸರು ನಾಲ್ಕು. ಯಾವ ಹೆಸರು ಕಡತದಲ್ಲಿ ಉಳಿಯುತ್ತದೆ ಅನ್ನೋದರ ಮೇಲೆ ಆ ನೆಲದಲ್ಲಿ ಯಾರು ಉಳಿಯುತ್ತಾರೆ ಅನ್ನೋದೂ ಬಹುಮಟ್ಟಿಗೆ ತೀರ್ಮಾನವಾಯಿತು.

ಚಳವಳಿ ಅಂದ ಕೂಡಲೇ ನಮಗೆ ನೆನಪಾಗುವುದು ಮೆರವಣಿಗೆ, ಧರಣಿ, ಬಂಧನ. ಆದರೆ ಪ್ರತಿ ಚಳವಳಿಯ ಒಳಗೂ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿರುತ್ತದೆ. ಯಾರೋ ಮನವಿ ಬರೆಯುತ್ತಿರುತ್ತಾರೆ, ಯಾರೋ ಕರಪತ್ರ ತಿದ್ದುತ್ತಿರುತ್ತಾರೆ, ಯಾರೋ ಘೋಷಣೆ ಕಟ್ಟುತ್ತಿರುತ್ತಾರೆ. ಈ ಮಾತು-ಬರಹದ ಕೆಲಸ ಚಳವಳಿಗೆ ಏನು ಕೊಡುತ್ತದೆ, ಏನು ಕೊಡಲಾರದು? ಚಳ್ಳಕೆರೆ-ಮೊಳಕಾಲ್ಮೂರು ಸೀಮೆಯನ್ನೇ ಇಟ್ಟುಕೊಂಡು ನೋಡೋಣ. ಯಾಕೆ ಈ ಸೀಮೆ? ಒಂದು ಕಾರಣ ಆ ಗೋಡೆ. ಇನ್ನೊಂದು ಕಾರಣ, ಕರ್ನಾಟಕದಲ್ಲಿ ಸರ್ಕಾರವೊಂದು ಜನರಿಗೆ ಬರೆದ ಅತ್ಯಂತ ಹಳೆಯ ಬರಹಗಳಲ್ಲಿ ಕೆಲವು ಇಲ್ಲೇ ಇವೆ.

ಮೊದಲು ಬಂಡೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗರಾಮೇಶ್ವರದಲ್ಲಿ ಅಶೋಕನ ಕಿರು ಬಂಡೆ ಶಾಸನಗಳಿವೆ. ಕ್ರಿ.ಪೂ. 3ನೇ ಶತಮಾನದವು. 1892ರಲ್ಲಿ ಬಿ.ಎಲ್. ರೈಸ್ ಇವುಗಳನ್ನು ಬೆಳಕಿಗೆ ತಂದರು. ಶಾಲೆಯಲ್ಲಿ ನಾವೆಲ್ಲ ಒಂದು ಅಂಕದ ಪ್ರಶ್ನೆಗಾಗಿ ಓದಿ ಮರೆತ ವಿಷಯ ಇದು. ಆದರೆ ಇವನ್ನು ಆಡಳಿತದ ಪತ್ರಗಳಾಗಿ ಓದಿದರೆ ಬೇರೆಯೇ ಸ್ವಾರಸ್ಯ.

ಪತ್ರ ಹೊರಡುವುದು ಸುವರ್ಣಗಿರಿಯಿಂದ, ರಾಜಕುಮಾರ ಮತ್ತು ಮಹಾಮಾತ್ರರ ಹೆಸರಿನಲ್ಲಿ. ತಲುಪಬೇಕಾದದ್ದು ಇಸಿಲ ಎಂಬ ಊರಿನ ಅಧಿಕಾರಿಗಳಿಗೆ. ಮೊದಲು ಕ್ಷೇಮ ಸಮಾಚಾರ, ಆಮೇಲೆ ವಿಷಯ. ಇವತ್ತಿನ ಸುತ್ತೋಲೆಯ ಕ್ರಮವೂ ಹೆಚ್ಚುಕಡಿಮೆ ಇದೇ: ಇವರಿಂದ, ಇವರಿಗೆ, ವಿಷಯ, ಉಲ್ಲೇಖ. ಒಳಗಿನ ಸಂದೇಶದ ತಿರುಳು ಇಷ್ಟು: ಪ್ರಯತ್ನಪಟ್ಟರೆ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಿಗುತ್ತದೆ. ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡನ ಸಹಿಯೂ ಇದೆ. ತನ್ನ ಕಸುಬಿನ ಹೆಸರನ್ನು ಮಾತ್ರ ಅವನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ.

ಗಮನಿಸಬೇಕಾದ ಸಂಗತಿ ಏನಪ್ಪಾ ಅಂದರೆ, ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಇಲ್ಲಿ ದನ ಕಾಯುತ್ತಿದ್ದವರ ಆಡುನುಡಿ ಅದಲ್ಲ. ಹಾಗಾದರೆ ಸಣ್ಣವರಿಗೆ ಅಂತ ಬರೆದ ಮಾತು ಸಣ್ಣವರನ್ನು ಮುಟ್ಟಿದ್ದು ಹೇಗೆ? ಇಲ್ಲಿಂದ ಬಹಳ ದೂರವೇನಿಲ್ಲದ ಆಂಧ್ರದ ಎರ್ರಗುಡಿಯ ಶಾಸನ ಸುಳಿವು ಕೊಡುತ್ತದೆ: ಭೇರಿ ಬಾರಿಸಿ ಗ್ರಾಮಾಂತರದ ಜನರಿಗೆ ಸಾರಬೇಕು ಅಂತ ಅಲ್ಲಿ ಸೂಚನೆ ಇದೆ. ಅಂದರೆ ಬರಹ ಬಂಡೆಯ ಮೇಲೆ, ಮಾತು ಡಂಗೂರದಲ್ಲಿ. ನಡುವೆ ಓದಿ ಹೇಳುವವನೊಬ್ಬ ಬೇಕು. ಯಾವ ಮಾತು ದಾಟಬೇಕು, ಯಾವುದು ಬೇಡ ಅನ್ನೋದು ಅವನ ಕೈಯಲ್ಲಿರುತ್ತದೆ. ಈ ನಡುವಿನ ಮನುಷ್ಯನನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತಾನೆ.

ಕಾವಲು ಅಂದರೇನು, ಆದದ್ದೇನು

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಅರಮನೆಯ ದನಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಇತ್ತು. ಟಿಪ್ಪು ಸುಲ್ತಾನ್ ಅದಕ್ಕೆ ‘ಅಮೃತ್ ಮಹಲ್’ ಎಂದು ಹೆಸರಿಟ್ಟ. ಸೈನ್ಯದ ಸರಕು ಎಳೆಯುವ ಗಟ್ಟಿ ಎತ್ತುಗಳ ತಳಿ ಬೆಳೆದದ್ದು ಈ ವ್ಯವಸ್ಥೆಯಲ್ಲೇ. ಆ ದನಗಳು ಋತುವಿಗೆ ತಕ್ಕಂತೆ ಮೇಯಲು ಕಾದಿರಿಸಿದ ಹುಲ್ಲುಗಾವಲುಗಳೇ ಅಮೃತ್ ಮಹಲ್ ಕಾವಲುಗಳು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ ಕಾವಲು ಅಂದರೆ ಬರಗಾಲದ ಠೇವಣಿ ಇದ್ದ ಹಾಗೆ. ಕುರಿ, ಮೇಕೆ, ದನಗಳ ಮೇವು ಅಲ್ಲೇ. ಕಂಬಳಿ ನೇಯುವವರ ಉಣ್ಣೆಯೂ ಕೊನೆಗೆ ಆ ಹುಲ್ಲಿನಿಂದಲೇ ಬರಬೇಕು.

2007ರಿಂದ 2010ರ ನಡುವೆ ರಾಜ್ಯ ಸರ್ಕಾರ ಇಲ್ಲಿನ ಸುಮಾರು 10,000 ಎಕರೆ ಕಾವಲನ್ನು ಬೇರೆ ಬೇರೆ ಸಂಸ್ಥೆಗಳಿಗೆ ಹಂಚಿತು. ರಕ್ಷಣಾ ಸಂಶೋಧನೆಯ ಡಿಆರ್‌ಡಿಒಗೆ ಸುಮಾರು 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೊಗೆ 573. ಖಾಸಗಿ ಸೌರ ವಿದ್ಯುತ್ ಯೋಜನೆಯೊಂದಕ್ಕೂ ಪಾಲು ಸಿಕ್ಕಿತು. ತಮ್ಮನ್ನು ಯಾರೂ ಕೇಳಲಿಲ್ಲ, ವಿಷಯ ಸರಿಯಾಗಿ ತಿಳಿಯುವ ಹೊತ್ತಿಗೆ ಬೇಲಿ ಎದ್ದಿತ್ತು ಎಂಬುದು ಹಳ್ಳಿಗರ ದೂರು.

ದೊಡ್ಡ ಉಳ್ಳಾರ್ತಿ, ಕುದಾಪುರ, ನನ್ನಿವಾಳ ಸುತ್ತಮುತ್ತಲ ಜನ ಸಂಘಟಿತರಾದರು. ‘ಅಮೃತ ಮಹಲ್ ಕಾವಲು ಹಿತರಕ್ಷಣಾ ಹಾಗೂ ಹೋರಾಟ ಸಮಿತಿ’ ಹುಟ್ಟಿತು. ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಮತ್ತು ಅದರ ಲಿಯೋ ಸಲ್ಡಾನ್ಹಾ ಜೊತೆಗೂಡಿದರು. ವಿಷಯ ಹೈಕೋರ್ಟಿಗೂ, ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೂ ಹೋಯಿತು. ನ್ಯಾಯಮಂಡಳಿ 2013ರಲ್ಲಿ ಸತ್ಯಶೋಧನಾ ಸಮಿತಿಯನ್ನು ಸ್ಥಳಕ್ಕೆ ಕಳಿಸಿತು, ಕಾಮಗಾರಿಗೆ ಮಧ್ಯಂತರ ತಡೆಯನ್ನೂ ಕೊಟ್ಟಿತು. 2014ರ ಆಗಸ್ಟ್‌ನಲ್ಲಿ ಬಂದ ಅಂತಿಮ ಆದೇಶ ಮಾತ್ರ ಷರತ್ತುಗಳೊಂದಿಗೆ ಯೋಜನೆಗಳಿಗೆ ದಾರಿ ಬಿಟ್ಟಿತು. 2017ರ ಮೇನಲ್ಲಿ ಡಿಆರ್‌ಡಿಒದ ವಾಯುಯಾನ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆ ಉಡಾವಣಾ ವಾಹನ ತಾನೇ ತಾನಾಗಿ ಇಳಿದದ್ದು ಇಲ್ಲಿನ ರನ್‌ವೇ ಮೇಲೆಯೇ. ಇಂಜಿನಿಯರಿಂಗ್ ಓದಿದವನಾಗಿ ಆ ವಿಡಿಯೋ ನೋಡಿ ನನಗೂ ರೋಮಾಂಚನ ಆಯಿತು, ಸುಳ್ಳು ಹೇಳಲ್ಲ. ಆ ರನ್‌ವೇ ಮೊದಲು ಏನಾಗಿತ್ತು ಅನ್ನೋದು ಮಾತ್ರ ಆ ವಿಡಿಯೋದಲ್ಲಿ ಇರಲಿಲ್ಲ.

ಮೊದಲ ಜಗಳ ಹೆಸರಿನದು

ಚಳವಳಿಯ ಭಾಷೆಯನ್ನು ಅಭ್ಯಾಸ ಮಾಡುವವರು ಮೊದಲು ನೋಡುವುದು ಹೆಸರಿಡುವ ಅಧಿಕಾರ ಯಾರದು ಅಂತ. ನಮ್ಮ ಕಂದಾಯ ದಾಖಲೆಯಲ್ಲಿ ‘ಖರಾಬು’ ಎಂಬ ಪದ ಇದೆ. ಪಹಣಿ ತೆಗೆಸಿದವರಿಗೆಲ್ಲ ಗೊತ್ತು: ಎ ಖರಾಬು ಅಂದರೆ ಸಾಗುವಳಿಗೆ ಬಾರದ್ದು, ಬಿ ಖರಾಬು ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ಎರಡಕ್ಕೂ ಹೆಸರು ‘ಕೆಟ್ಟದ್ದು’ ಅಂತಲೇ. ಬ್ರಿಟಿಷ್ ಕಂದಾಯ ವ್ಯವಸ್ಥೆಗೆ ತೆರಿಗೆ ತಾರದ ನೆಲವೆಲ್ಲ ಪಾಳು. ಸ್ವತಂತ್ರ ಭಾರತದಲ್ಲೂ ಆ ದೃಷ್ಟಿ ಪೂರ್ತಿ ಹೋಗಲಿಲ್ಲ. ಕೇಂದ್ರ ಸರ್ಕಾರ 2000ದಿಂದ ಪ್ರಕಟಿಸುತ್ತಿರುವ ಪಾಳುಭೂಮಿ ಭೂಪಟದಲ್ಲಿ ಕುರುಚಲು ನೆಲ, ಸೊರಗಿದ ಹುಲ್ಲುಗಾವಲು ಎಲ್ಲವೂ ‘ಪಾಳು’ ಎಂಬ ಪಟ್ಟಿಯೊಳಗೇ ಬರುತ್ತವೆ.

ಪಾಳು ಅಂತ ಕರೆದ ನೆಲವನ್ನು ಕೊಡುವುದಕ್ಕೆ ಯಾರೂ ಕ್ಷಮೆ ಕೇಳಬೇಕಿಲ್ಲ. ಖಾಲಿ ಇರುವುದನ್ನು ತುಂಬಿಸುವುದು ಪುಣ್ಯದ ಕೆಲಸವೇ ತಾನೇ? ಆದ್ದರಿಂದ ಸಮಿತಿಯ ಮೊದಲ ಕೆಲಸ ಪರಿಸರ ರಕ್ಷಣೆಯ ಭಾಷಣವಾಗಿರಲಿಲ್ಲ, ಹೆಸರನ್ನು ವಾಪಸ್ ತರುವುದಾಗಿತ್ತು. ಇದು ‘ಜಾಗ’ ಅಲ್ಲ, ‘ಕಾವಲು’. ಇದಕ್ಕೆ ಒಡೆಯರ ಕಾಲದ ಇತಿಹಾಸ ಇದೆ, ಅರಣ್ಯ ನಿಯಮಗಳಲ್ಲಿ ಜಿಲ್ಲಾ ಅರಣ್ಯ ಎಂಬ ಸ್ಥಾನ ಇದೆ, ಇಲ್ಲಿ ಕೃಷ್ಣಮೃಗ ಇದೆ, ಬಯಲಿನ ಹಕ್ಕಿಗಳಿವೆ. 2011ರಲ್ಲಿ ಸುಪ್ರೀಂ ಕೋರ್ಟ್ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹಳ್ಳಿಯ ಸಾಮುದಾಯಿಕ ಭೂಮಿಯನ್ನು ಉಳಿಸಬೇಕು ಅಂತ ಹೇಳಿದ ಮೇಲಂತೂ ‘ಗೋಮಾಳ’, ‘ಕಾವಲು’ ಎಂಬ ಹಳೆಯ ಪದಗಳಿಗೆ ಕಾನೂನಿನ ತೂಕವೂ ಬಂತು.

ಆಚೆ ಕಡೆಯ ಪದವೂ ಬಲವಾಗಿತ್ತು. ‘ವಿಜ್ಞಾನ ನಗರಿ’ ಅಂದರೆ ಉದ್ಯೋಗ, ಹೆಮ್ಮೆ, ರಾಷ್ಟ್ರ. ಎಣ್ಣೆ ಗಿರಣಿಗಳಿಗೆ ಹೆಸರಾದ ಊರಿಗೆ ಹೊಸದೊಂದು ಬಿರುದು. ಅದನ್ನು ವಿರೋಧಿಸಿದವರು ವಿಜ್ಞಾನವನ್ನೇ, ದೇಶವನ್ನೇ ವಿರೋಧಿಸಿದ ಹಾಗೆ ಕಾಣುತ್ತಿದ್ದರು. ‘ನಾವು ವಿಜ್ಞಾನದ ವಿರೋಧಿಗಳಲ್ಲ’ ಅಂತ ಮತ್ತೆ ಮತ್ತೆ ಹೇಳಬೇಕಾಗಿ ಬಂದ ಕ್ಷಣವೇ ಮಾತಿನ ಅಂಗಳ ಎದುರಾಳಿಯದಾಯಿತು. ಒಂದು ಪದ ಎದುರಾಳಿಯ ಕೈಯಲ್ಲಿ ಮಾಡುವ ಕೆಲಸ ಇದು: ನಿಮ್ಮ ಅರ್ಧ ಸಮಯ ಸಮಜಾಯಿಷಿಗೇ ಹೋಗುತ್ತದೆ.

ಕ್ರಿಯಾಪದದ ಚಳವಳಿ, ನಾಮಪದದ ಚಳವಳಿ

ಕರ್ನಾಟಕದ ಎರಡು ಹಳೆಯ ಚಳವಳಿಗಳನ್ನು ಪಕ್ಕದಲ್ಲಿಟ್ಟು ನೋಡಿ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿ ಭಾಗದಲ್ಲಿ ಮರ ಕಡಿಯುವುದನ್ನು ತಡೆಯಲು ಜನ ಮರಗಳನ್ನು ಅಪ್ಪಿಕೊಂಡರು. ಹೆಸರು ‘ಅಪ್ಪಿಕೊ’. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟರು. ಹೆಸರು ‘ಕಿತ್ತಿಕೊ-ಹಚ್ಚಿಕೊ’. ಅಲ್ಲಿನ ಪ್ರಶ್ನೆಯೂ ಸಾಮುದಾಯಿಕ ಭೂಮಿಯದೇ: 1984ರಲ್ಲಿ ಹುಟ್ಟಿದ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಗೆ ಸುಮಾರು 75,000 ಎಕರೆ ಕೊಡುವ ಯೋಜನೆ ಅದು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಬೀದಿಯಲ್ಲೂ ಇತ್ತು, ಸುಪ್ರೀಂ ಕೋರ್ಟಿನಲ್ಲೂ ಇತ್ತು. ಅರ್ಜಿದಾರರ ಸಾಲಿನಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಆ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು.

ಈ ಎರಡೂ ಹೆಸರುಗಳ ವ್ಯಾಕರಣ ನೋಡಿ. ಎರಡೂ ಕ್ರಿಯಾಪದ, ಅದರಲ್ಲೂ ಆಜ್ಞಾರ್ಥ. ಕೇಳಿದವನಿಗೆ ಏನು ಮಾಡಬೇಕು ಅನ್ನೋದು ಹೆಸರಿನಲ್ಲೇ ಸಿಗುತ್ತದೆ, ಅದೂ ಅವನ ಮನೆಯ ಮಾತಿನಲ್ಲಿ. ಕರಪತ್ರ ಓದಲು ಬಾರದವನಿಗೂ ಪೂರ್ತಿ ಕಾರ್ಯಕ್ರಮ ತಲುಪುತ್ತದೆ. ಹೆಸರೇ ಡಂಗೂರ.

ಈಗ ‘ಅಮೃತ ಮಹಲ್ ಕಾವಲು ಹಿತರಕ್ಷಣಾ ಹಾಗೂ ಹೋರಾಟ ಸಮಿತಿ’ ನೋಡಿ. ಎಲ್ಲವೂ ನಾಮಪದ. ಲೆಟರ್‌ಹೆಡ್‌ಗೆ, ಸೀಲಿಗೆ, ತಹಶೀಲ್ದಾರ್ ಕಚೇರಿಯ ಸ್ವೀಕೃತಿಗೆ ಹೇಳಿ ಮಾಡಿಸಿದ ಹೆಸರು. ಇದು ತಪ್ಪು ಅಂತ ನಾನು ಹೇಳುತ್ತಿಲ್ಲ. ಹೋರಾಟ ನಡೆಯಬೇಕಿದ್ದದ್ದೇ ಕಡತದಲ್ಲಿ, ಆದ್ದರಿಂದ ಭಾಷೆಯೂ ಕಡತದ್ದೇ ಆಯಿತು. ಅದರಿಂದ ಲಾಭವೂ ಆಯಿತು: ಸತ್ಯಶೋಧನಾ ಸಮಿತಿ ಬಂತು, ತಡೆ ಸಿಕ್ಕಿತು, ಯಾವ ಸಂಸ್ಥೆಗೆ ಎಷ್ಟು ಎಕರೆ ಅನ್ನೋದು ಅಧಿಕೃತವಾಗಿ ಹೊರಬಿತ್ತು. ಆದರೆ ಕಡತದ ಭಾಷೆ ಮೈಸೂರಿನ, ಮಂಗಳೂರಿನ ಕಾಲೇಜು ಹುಡುಗನ ಬಾಯಿಗೆ ಬರಲಿಲ್ಲ. ಅಪ್ಪಿಕೊ ಗೊತ್ತಿರುವ ನೂರು ಜನರಲ್ಲಿ ಚಳ್ಳಕೆರೆಯ ಕಾವಲು ಗೊತ್ತಿರುವವರು ಎಷ್ಟು ಮಂದಿ? ನಿಮ್ಮ ಗೆಳೆಯರನ್ನೇ ಕೇಳಿ ನೋಡಿ.

1980ರ ದಶಕದ ರೈತ ಸಂಘ ಈ ಎರಡನ್ನೂ ಒಂದೇ ಹಲಗೆಯ ಮೇಲೆ ತಂದಿತ್ತು. ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಬರುವ ಹಾಗಿಲ್ಲ ಎಂಬ ಅರ್ಥದ ಬೋರ್ಡುಗಳು ಹಳ್ಳಿಯ ಬಾಗಿಲಲ್ಲಿ ನಿಂತವು. ಪ್ರವೇಶ ನಿಷೇಧಿಸುವ ಬೋರ್ಡು ಅಲ್ಲಿಯವರೆಗೆ ಸರ್ಕಾರದ ಸೊತ್ತಾಗಿತ್ತು. ಅದೇ ನುಡಿಗಟ್ಟನ್ನು ರೈತ ತಿರುಗಿಸಿ ಹಿಡಿದ.

ನಡುವಿನ ಮನುಷ್ಯ

ಹಸಿರು ನ್ಯಾಯಮಂಡಳಿಯ ಕಲಾಪದ ಭಾಷೆ ಇಂಗ್ಲಿಷ್. ಕಾವಲಿನ ಭಾಷೆ ಕನ್ನಡ, ಹಲವು ಹಟ್ಟಿಗಳಲ್ಲಿ ತೆಲುಗೂ ಸೇರಿದ ಕನ್ನಡ. ಆದ್ದರಿಂದ ಪ್ರತಿ ದೂರೂ ಅನುವಾದವಾಗಿ ಹೋಗಬೇಕು. ಅನುವಾದದಲ್ಲಿ ಏನು ದಾಟುತ್ತದೆ? ಎಕರೆ ದಾಟುತ್ತದೆ, ಸರ್ವೆ ನಂಬರ್ ದಾಟುತ್ತದೆ, ಅಪಾಯದಲ್ಲಿರುವ ಪ್ರಭೇದದ ಹೆಸರು ದಾಟುತ್ತದೆ. ‘ದೇವರ ಎತ್ತು’ ಅಷ್ಟು ಸುಲಭವಾಗಿ ದಾಟುವುದಿಲ್ಲ.

ಈ ಸೀಮೆಯ ಮ್ಯಾಸನಾಯಕರಲ್ಲಿ ದೇವರಿಗೆ ಬಿಟ್ಟ ಎತ್ತುಗಳ ಹಿಂಡು ಇರುತ್ತದೆ. ಅವನ್ನು ಉಳುಮೆಗೆ ಹೂಡುವಂತಿಲ್ಲ, ಮಾರುವಂತಿಲ್ಲ. ಕಾಯುವವನು ಕಿಲಾರಿ. ಅದು ಉದ್ಯೋಗ ಅಲ್ಲ, ವ್ರತ. ಈ ದನಗಳ, ಅವನ್ನು ಕಾದ ವೀರರ ಕಥೆಗಳು ರಾತ್ರಿಯಿಡೀ ಹಾಡುವಷ್ಟು ಉದ್ದದ ಕಾವ್ಯಗಳಾಗಿವೆ. ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಅವನ್ನು ಸಂಗ್ರಹಿಸಿದ್ದಾರೆ. ಸಾವಿರಾರು ಪದ ನೆನಪಿಟ್ಟುಕೊಂಡು ನಾಡೋಜ ಗೌರವ ಪಡೆದ ಸಿರಿಯಜ್ಜಿ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯವರು. ಅಂದರೆ ಈ ನೆಲದ ಮೇಲಿನ ಹಕ್ಕಿಗೆ ದಾಖಲೆ ಇರಲಿಲ್ಲ ಅಂತಲ್ಲ. ದಾಖಲೆ ಹಾಡಿನ ರೂಪದಲ್ಲಿತ್ತು. ಹಾಡನ್ನು ಅನುಬಂಧವಾಗಿ ಲಗತ್ತಿಸುವ ಪದ್ಧತಿ ನಮ್ಮ ಕೋರ್ಟುಗಳಲ್ಲಿ ಇನ್ನೂ ಬೆಳೆದಿಲ್ಲ.

ನಡುವಿನ ಮನುಷ್ಯ ಇನ್ನೊಂದು ರೀತಿಯಲ್ಲೂ ಬರುತ್ತಾನೆ. 2015ರ ಡಿಸೆಂಬರ್‌ನಲ್ಲಿ ಅಮೆರಿಕದ ‘ಫಾರಿನ್ ಪಾಲಿಸಿ’ಯಲ್ಲಿ ಏಡ್ರಿಯನ್ ಲೆವಿ ಚಳ್ಳಕೆರೆಯನ್ನು ರಹಸ್ಯ ಅಣು ನಗರವೆಂದು ಕರೆದು ದೀರ್ಘ ವರದಿ ಬರೆದರು. ಜಗತ್ತೇ ಚಳ್ಳಕೆರೆಯತ್ತ ತಿರುಗಿ ನೋಡಿತು. ಆದರೆ ಏನನ್ನು ನೋಡಿತು? ಯುರೇನಿಯಂ, ಪಾಕಿಸ್ತಾನ, ಚೀನಾ. ಬೇಲಿ ಕಂಡು ಬೆಚ್ಚಿದ ಹಳ್ಳಿಗರು ಆ ವರದಿಯಲ್ಲಿ ಇದ್ದಾರೆ, ಆದರೆ ದೊಡ್ಡ ಕಥೆಯ ಪೀಠಿಕೆಯಾಗಿ. ನಿಮ್ಮ ನೋವು ಬೇರೆಯವರ ಶೀರ್ಷಿಕೆಯಾದಾಗ ಪ್ರಚಾರ ನಿಮ್ಮದು, ಪ್ರಶ್ನೆ ಅವರದು.

ಪದ ಗೆದ್ದರೂ ನೀರು ಬರದಿದ್ದರೆ?

ಮಾತೇ ಎಲ್ಲ ಅಂತ ತೀರ್ಮಾನಿಸುವ ಮುಂಚೆ ಇದೇ ಜಿಲ್ಲೆಯ ಇನ್ನೊಂದು ಹೋರಾಟ ನೋಡಿ. ಭದ್ರಾ ಮೇಲ್ದಂಡೆ ಯೋಜನೆ: ತುಂಗಾ ಮತ್ತು ಭದ್ರಾದಿಂದ 29.9 ಟಿಎಂಸಿ ನೀರು ತಂದು ಬಯಲುಸೀಮೆಯ ಸುಮಾರು 2.25 ಲಕ್ಷ ಹೆಕ್ಟೇರ್‌ಗೆ ಕೊಡುವುದು. ವರ್ಷಗಟ್ಟಲೆ ಚಳವಳಿಗಾರರು ಒಂದು ನುಡಿಗಟ್ಟನ್ನು ಹಿಡಿದು ಕೂತರು: ‘ರಾಷ್ಟ್ರೀಯ ಯೋಜನೆ’ ಎಂದು ಘೋಷಿಸಿ. ಚಿಕ್ಕ, ಸ್ಪಷ್ಟ, ಯಾವ ಪಕ್ಷದವರೂ ಒಪ್ಪಬಹುದಾದ ಬೇಡಿಕೆ. ಭಾಷೆಯ ದೃಷ್ಟಿಯಿಂದ ಬಹಳ ಒಳ್ಳೆಯ ಬೇಡಿಕೆ. 2023ರ ಕೇಂದ್ರ ಬಜೆಟ್ ಭಾಷಣದಲ್ಲಿ ಯೋಜನೆಗೆ 5,300 ಕೋಟಿ ರೂಪಾಯಿ ನೆರವಿನ ಮಾತು ಬಂತು. ಆಮೇಲೆ? ಆ ಹಣ ಬಂದಿಲ್ಲ ಅಂತ ರಾಜ್ಯ ಸರ್ಕಾರ ಪದೇ ಪದೇ ದೂರುತ್ತಲೇ ಇದೆ. ಹೋರಾಟಗಾರರ ಮಾತು ಸಂಸತ್ತಿನ ಭಾಷಣದವರೆಗೆ ತಲುಪಿತು, ಕಾಲುವೆಗೆ ಹಣ ತಲುಪಲಿಲ್ಲ.

ಹಾಗಾಗಿ ಚಳ್ಳಕೆರೆಯ ಕಾವಲು ಹೋದದ್ದು ಹೆಸರು ಸರಿಯಿಲ್ಲದ್ದಕ್ಕೆ, ಘೋಷಣೆ ಚೆನ್ನಾಗಿಲ್ಲದ್ದಕ್ಕೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎದುರಿಗೆ ಇದ್ದದ್ದು ದೇಶದ ಅತಿ ಬಲಿಷ್ಠ ಸಂಸ್ಥೆಗಳು. ರಾಷ್ಟ್ರದ ಭದ್ರತೆ ಎಂಬ ಪದಕ್ಕೆ ಎದುರಾಗಿ ಹುಲ್ಲು ಎಂಬ ಪದ ನಿಲ್ಲುವುದು ಯಾವ ಭಾಷೆಯಲ್ಲೂ ಕಷ್ಟ. ಬರಹ ಮಾಡಿದ್ದು ಬೇರೆ ಕೆಲಸ. ನೆಲ ಖಾಲಿ ಇರಲಿಲ್ಲ ಎಂಬುದನ್ನು ಅದು ಅಳಿಸಲಾಗದ ಹಾಗೆ ದಾಖಲಿಸಿತು. ಮುಂದಿನ ಕಾವಲಿಗೆ ಯಾರಾದರೂ ಕೈಹಾಕಿದಾಗ ‘ಪಾಳುಭೂಮಿ’ ಅಂತ ಸಲೀಸಾಗಿ ಬರೆದು ಕೈತೊಳೆದುಕೊಳ್ಳಲು ಆಗುವುದಿಲ್ಲ.

ನಿಮ್ಮೂರಿಗೆ ಬಂದಾಗ

ಗೋಮಾಳ, ಕೆರೆಯಂಗಳ, ಗುಂಡುತೋಪು ನಿಮ್ಮೂರಲ್ಲೂ ಇರಬಹುದು. ಚಳ್ಳಕೆರೆಯಿಂದ ಕಲಿಯಬಹುದಾದ ನಾಲ್ಕು ಮಾತು:

ಒಂದು, ಬೇಲಿಗಿಂತ ಮೊದಲು ಬರೆಯಿರಿ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಯಾವ ಹುಲ್ಲು, ಯಾವ ಹಕ್ಕಿ, ಯಾವ ಹಟ್ಟಿಯ ದನ ಎಲ್ಲಿ ಮೇಯುತ್ತದೆ ಅನ್ನೋದು ಅದರಲ್ಲಿ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಸೇರಿಸಿ.

ಎರಡು, ಹಕ್ಕಿನ ಭಾಷೆ ಕಲಿಯಿರಿ. ಅರಣ್ಯ ಹಕ್ಕು ಕಾಯ್ದೆ 2006 ಮೇಯಿಸುವ ಹಕ್ಕನ್ನೂ ಗುರುತಿಸುತ್ತದೆ. ಸಮುದಾಯದ ಹಕ್ಕಿಗೆ ‘ಬಿ’ ನಮೂನೆ, ಸಾಮುದಾಯಿಕ ಅರಣ್ಯ ಸಂಪನ್ಮೂಲಕ್ಕೆ ‘ಸಿ’ ನಮೂನೆ. ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿದ ಒಂದು ಸಾಲು ನೂರು ಪೋಸ್ಟ್‌ಗಳಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಮೂರು, ಒಂದೇ ವಿಷಯವನ್ನು ಮೂರು ಸಲ ಬರೆಯಿರಿ. ಕಚೇರಿಗೆ ಮನವಿ, ಊರಿಗೆ ಕರಪತ್ರ, ಹೊರಗಿನವರಿಗೆ ವರದಿ. ಮೂರರಲ್ಲೂ ಒಂದೇ ಭಾಷೆ ಬಳಸಿದರೆ ಮೂವರಲ್ಲಿ ಇಬ್ಬರಿಗೆ ಅರ್ಥವಾಗುವುದಿಲ್ಲ. ಬರೆದದ್ದನ್ನು ಹಟ್ಟಿಯಲ್ಲಿ ಜೋರಾಗಿ ಓದಿ ತೋರಿಸಿ. ‘ನಾವು ಹೇಳಿದ್ದು ಇದಲ್ಲ’ ಅಂತ ಯಾರಾದರೂ ಹೇಳಿದರೆ ಕಾಗದ ತಿದ್ದಬೇಕು, ಅವರನ್ನಲ್ಲ.

ನಾಲ್ಕು, ಊರಿನ ಪದವನ್ನು ಬಿಟ್ಟುಕೊಡಬೇಡಿ. ಇಂಗ್ಲಿಷ್ ಅರ್ಜಿಯಲ್ಲೂ ಕಾವಲು ಕಾವಲಾಗಿಯೇ ಇರಲಿ, ಕಿಲಾರಿ ಕಿಲಾರಿಯಾಗಿಯೇ ಇರಲಿ. ಅರ್ಥ ಕೇಳಬೇಕಾದ ಕಷ್ಟ ಓದುವ ಅಧಿಕಾರಿಗೇ ಬರಲಿ.

ಬ್ರಹ್ಮಗಿರಿಯ ಬಂಡೆಯ ಮೇಲೆ ಲಿಪಿಕಾರನ ಹೆಸರು ಉಳಿದಿದೆ, ಆ ಸಂದೇಶವನ್ನು ಜನರಿಗೆ ಓದಿ ಹೇಳಿದವನ ಹೆಸರು ಉಳಿದಿಲ್ಲ. ಕೇಳಿಸಿಕೊಂಡ ದನಗಾಹಿ ತಿರುಗಿ ಏನು ಹೇಳಿದ ಅನ್ನೋದನ್ನಂತೂ ಯಾರೂ ಬರೆದಿಡಲಿಲ್ಲ. ಈ ಸಲ ಕುದಾಪುರ, ಉಳ್ಳಾರ್ತಿಯ ದನಗಾಹಿ ಹೇಳಿದ್ದು ಕೋರ್ಟಿನ ಕಡತದಲ್ಲಾದರೂ ಇದೆ. ಅಷ್ಟು ಸಾಕಾಗಲಿಲ್ಲ, ನಿಜ. ಅದನ್ನು ಕಡತದಿಂದ ತೆಗೆದು ಮತ್ತೆ ಕನ್ನಡದಲ್ಲಿ ಹೇಳುವ ಕೆಲಸ ಉಳಿದಿದೆ, ಮತ್ತು ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.